ಕಾರಿನ ಸಾಲು ನಮ್ಮ ಗೇಟಿನ ಮುಂದೆ ಬರುತ್ತಾ?

ಪ್ರಶ್ನೆ: ಬೆಳಗಾವಿಯ ಹಿಂದವಾಡಿಯಲ್ಲಿ ನಮ್ಮ ಮನೆ. ಮೂಲೆಯ ಹಳೆ ಬಂಗಲೆ ಕೆಡವಿದ್ದಾರೆ. ಅಲ್ಲಿ ಡ್ರೈವ್-ಥ್ರೂ ಹೋಟೆಲ್ ಬರುತ್ತದಂತೆ. ಕಾರಿನಿಂದ ಇಳಿಯದೇ ಕಿಟಕಿಯಲ್ಲಿ ತಿಂಡಿ ತಗೊಂಡು ಹೋಗೋದು. ಪ್ಲಾಟು 60×90 ಅಡಿ, ಎದುರಿಗೇ ಬಾಲವಾಡಿ. ‘ಎನ್‌ಎ (ಕೃಷಿಯೇತರ ಬಳಕೆಯ ಅನುಮತಿ) ಆಗೇದ, ಏನ್ ಬೇಕಾದ್ರೂ ಕಟ್ತೀವಿ’ ಅನ್ನುತ್ತಾರೆ. ಓಣಿಯವರು ಸಹಿ ಸಂಗ್ರಹಿಸುತ್ತಿದ್ದೇವೆ. ಸಾಕಾಗುತ್ತಾ?
– ನಿವೃತ್ತ ಶಿಕ್ಷಕಿ, ಹಿಂದವಾಡಿ

ಉತ್ತರ: ಅಕ್ಕಾವ್ರೇ, ಸಹಿ ಆಮೇಲೆ. ಮೊದಲು ಬುಡಾ, ಅಂದ್ರೆ ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿಗೆ ಹೋಗಿ, ಮಾಸ್ಟರ್ ಪ್ಲಾನ್ ನಕಾಶೆಯಲ್ಲಿ ನಿಮ್ಮ ಮೂಲೆಗೆ ಯಾವ ಬಣ್ಣ ಇದೆ ನೋಡಿ. ಹಳದಿ ಅಂದ್ರೆ ವಸತಿ, ನೀಲಿ ಅಂದ್ರೆ ವಾಣಿಜ್ಯ. ಮೂವತ್ತು ವರ್ಷ ಇಂಥ ನಕಾಶೆಗಳಿಗೆ ಬಣ್ಣ ತುಂಬಿದವನು ನಾನು. ಹಳದಿ ಇದ್ದರೂ ಸಣ್ಣಪುಟ್ಟ ಅಂಗಡಿಗೆ ಅವಕಾಶ ಇರುತ್ತದೆ. ಆದ್ದರಿಂದ ವಲಯ ನಿಯಮಾವಳಿಯನ್ನೂ ಕೇಳಿ ಓದಿ.

ಎನ್‌ಎ ಮಾತಿಗೆ ಹೆದರಬೇಡಿ. ಹೊಲವನ್ನು ಬೇರೆ ಬಳಕೆಗೆ ತರೋದಕ್ಕೆ ಸಿಗುವ ಅನುಮತಿ ಅದು. ಯಾವ ಬಳಕೆಗೆ ಅನ್ನೋದು ಆದೇಶದಲ್ಲೇ ಬರೆದಿರುತ್ತದೆ. ಮನೆಗೆಂದು ಕೊಟ್ಟ ಎನ್‌ಎ ಹೋಟೆಲಿಗೆ ಆಗುವುದಿಲ್ಲ.

ಹಳದಿಯನ್ನು ನೀಲಿ ಮಾಡಬೇಕಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕಲಂ 14-ಎ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕೇಳಬೇಕು. ಸರ್ಕಾರದ ಒಪ್ಪಿಗೆಯೂ ಬೇಕು. ಈ ಪ್ರಕಟಣೆಯನ್ನೇ ನಾವು ನೋಡೋದಿಲ್ಲ! ನಮ್ಮ ಮನೆ ಹಿಂದೆ ಒಂದು ಮಂಗಲ ಕಾರ್ಯಾಲಯ ಎದ್ದಾಗ ನಾನು ಅದರ ಪ್ರಕಟಣೆ ಹುಡುಕಾಡಿದೆ. ಸಿಕ್ಕಿದ್ದು ಅಡುಗೆಮನೆಯ ಕಪಾಟಿನಲ್ಲಿ, ಉಪ್ಪಿನಕಾಯಿ ಭರಣಿ ಕೆಳಗೆ. ನನ್ನ ಹೆಂಡತಿ ಹಾಸಿದ್ದ ಪೇಪರು. ಸರ್ವೆ ನಂಬರಿನ ಮೇಲೆ ಎಣ್ಣೆ ಇಳಿದಿತ್ತು, ಗಡುವು ಮುಗಿದು ಹನ್ನೊಂದು ದಿನ ಆಗಿತ್ತು. ಜೀವನವಿಡೀ ಇದೇ ಕೆಲಸ ಮಾಡಿದವನ ಗತಿ ಇದು.

ಈಗ ಸಹಿ ವಿಷಯ. ಒಂದೇ ಅರ್ಜಿ ಜೆರಾಕ್ಸ್ ಮಾಡಿ ಅರವತ್ತು ಜನ ಸಹಿ ಹಾಕಿದರೆ ಫೈಲಿನಲ್ಲಿ ಅದು ಒಂದೇ ಅರ್ಜಿ. ‘ಓಣಿಯ ಶಾಂತಿ ಕೆಡುತ್ತದೆ’ ಅಂತ ಬರೆದರೆ ಯಾರೂ ಎರಡನೇ ಸಲ ಓದುವುದಿಲ್ಲ. ಲೆಕ್ಕ ಬರೆಯಿರಿ. ಸಾಲಿನಲ್ಲಿ ನಿಂತ ಒಂದು ಕಾರಿಗೆ ಸುಮಾರು 20 ಅಡಿ ಬೇಕು. 60 ಅಡಿ ಬದಿಯಲ್ಲಿ ಮೂರು ಕಾರು, 90 ಅಡಿ ಬದಿಯಲ್ಲಿ ನಾಲ್ಕು. ಕಟ್ಟಡ ಸುತ್ತಿ ಬಂದರೂ ತಿರುವಿಗೆ ಜಾಗ ಹೋಗುತ್ತದೆ. ಭಾನುವಾರ ಸಂಜೆ ಹತ್ತನೇ ಕಾರು ಎಲ್ಲಿ ನಿಲ್ಲುತ್ತದೆ? ರಸ್ತೆ ಮೇಲೆ, ಅಲ್ವಾ? ಬಾಲವಾಡಿ ಬಿಡುವ ಹೊತ್ತಿಗೆ ಮೂರು ದಿನ ಗೇಟಿನ ಹತ್ತಿರ ನಿಂತು ರಿಕ್ಷಾ, ಸ್ಕೂಟರು, ಮಕ್ಕಳ ಕೈ ಹಿಡಿದು ಬರುವ ಅಜ್ಜಿಯರನ್ನು ಎಣಿಸಿ. ತಾರೀಖು, ವೇಳೆ ಹಾಕಿ. ಅಮೆರಿಕದ ಮಿನಿಯಾಪೊಲಿಸ್ ನಗರ 2019ರಲ್ಲಿ ಹೊಸ ಡ್ರೈವ್-ಥ್ರೂಗಳನ್ನೇ ನಿಷೇಧಿಸಿತು. ಆದರೆ ಅದನ್ನು ಅರ್ಜಿಯಲ್ಲಿ ಬರೆಯಬೇಡಿ, ಇಲ್ಲಿ ಕೆಲಸಕ್ಕೆ ಬರಲ್ಲ.

ಮೂಲೆ ನೀಲಿ ಇದ್ದರೆ ಹೋಟೆಲ್ ತಡೆಯುವುದು ಕಷ್ಟ. ಸುಮ್ನೆ ಆಸೆ ಹಚ್ಚಲಾರೆ. ಆಗ ಕೇಳಬೇಕಾದ್ದು ಬೇರೆ. ಕಾರುಗಳ ದಾರಿ ಬಾಲವಾಡಿ ಕಡೆ ಬೇಡ, ಆರ್ಡರ್ ಹೇಳುವ ಸ್ಪೀಕರ್ ಮನೆಗಳ ಕಡೆ ಮುಖ ಮಾಡಬಾರದು. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಶಬ್ದದ ಮಿತಿ 45 ಡೆಸಿಬೆಲ್. ಇದನ್ನು ಬರೆಯಬಹುದು.

ಪಾಲಿಕೆಗೆ ಕೊಟ್ಟ ಕಟ್ಟಡದ ಪ್ಲಾನನ್ನು ಮಾಹಿತಿ ಹಕ್ಕಿನಲ್ಲಿ ಇವತ್ತೇ ಕೇಳಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ನಕಲು ಸಿಕ್ಕರೆ ನನಗೂ ಒಂದು ಕಳಿಸಿ. ಹಳೆ ಸ್ಕೇಲು ಇನ್ನೂ ಇಟ್ಟುಕೊಂಡಿದ್ದೇನೆ, ಆ ತಿರುವನ್ನು ಅಳೆದು ಹೇಳುತ್ತೇನೆ.