ಕಟ್ಟಿದವರು ಬೇರೆ, ಹೆಸರಿಟ್ಟವರು ಬೇರೆ

ಪ್ರಶ್ನೆ: ಮೆಕ್ಸಿಕೋದ ಟಿಯೋಟಿವಾಕಾನ್ ನಗರ ಕಟ್ಟಿದವರು ಅಜ್ಟೆಕರು ಅಂತ ನಾನು, ಅಲ್ಲ ಅಂತ ಮಗಳು. ಯಾರು ಸರಿ? ಅಷ್ಟು ದೊಡ್ಡ ಊರು ಹಾಳಾದದ್ದು ಹೇಗೆ?

ಉತ್ತರ: ಮಗಳೇ ಗೆದ್ದಳು. ಅಜ್ಟೆಕರು ತಮ್ಮ ರಾಜಧಾನಿಗೆ, ಅಂದರೆ ಇಂದಿನ ಮೆಕ್ಸಿಕೋ ಸಿಟಿ ಇರುವ ಜಾಗದಲ್ಲಿ, ನೆಲೆ ಹಾಕಿದ್ದು 1325ರ ಸುಮಾರಿಗೆ. ಟಿಯೋಟಿವಾಕಾನ್ ಬೆಂಕಿಗೆ ಬಿದ್ದದ್ದು 550ರ ಆಸುಪಾಸಿನಲ್ಲಿ. ಲೆಕ್ಕ ನೀವೇ ಹಾಕಿ.

ಆದರೆ ನಿಮ್ಮ ತಪ್ಪೂ ಸುಮ್ನೆ ಹುಟ್ಟಿದ್ದಲ್ಲ. ಆ ಹೆಸರು ಅಜ್ಟೆಕರದ್ದೇ. ‘ದೇವರುಗಳು ಹುಟ್ಟಿದ ಜಾಗ’ ಅನ್ನುವಂಥ ಅರ್ಥ. ನಡುವಿನ ದೊಡ್ಡ ಬೀದಿಯ ಇಕ್ಕೆಲದ ದಿಬ್ಬಗಳನ್ನು ಗೋರಿ ಅಂದುಕೊಂಡು ಅದಕ್ಕೆ ‘ಸತ್ತವರ ಬೀದಿ’ ಅಂದರು. ಗೋರಿಗಳಲ್ಲ, ಗುಡಿಗಳ ಜಗಲಿಗಳು! ಅಜ್ಟೆಕರೂ ನಮ್ಮ ಹಾಗೆ ಪಾಳು ನೋಡಲು ಬಂದವರೇ. ಅಗೆದು, ಹಳೆಯ ಕಲ್ಲಿನ ಮುಖವಾಡಗಳನ್ನು ಒಯ್ದು, ತಮ್ಮ ಮಹಾಗುಡಿಯಲ್ಲಿ ಕಾಣಿಕೆಯಾಗಿ ಹೂತಿಟ್ಟರು. ಪುರಾತತ್ವದವರಿಗೆ ಅವು ಮೆಕ್ಸಿಕೋ ಸಿಟಿಯಲ್ಲಿ ಸಿಕ್ಕಿವೆ.

ನಾನು ಹೋದಾಗ ಸೂರ್ಯ ಪಿರಮಿಡ್ ಹತ್ತಲು ಬಿಡುತ್ತಿದ್ದರು. ಎತ್ತರ ಸುಮಾರು 65 ಮೀಟರ್, ಅಷ್ಟೇ. ಆದರೆ ಊರೇ ಸಮುದ್ರಮಟ್ಟದಿಂದ 2,300 ಮೀಟರ್ ಮೇಲಿದೆ. ಅರ್ಧಕ್ಕೇ ಏದುಸಿರು ಬಂತು. ಕೆಳಗೆ ಜಾಗ್ವಾರ್‌ನಂತೆ ಗುರುಗುಟ್ಟುವ ಪೀಪಿ ಮಾರುವವರ ಗದ್ದಲ. ನಾನು ಒಂದು ಕೊಂಡೆ. ಮನೆಯವರು ಅದನ್ನು ಬಚ್ಚಿಟ್ಟಿದ್ದಾರೆ.

ನನಗೆ ಪಿರಮಿಡ್‌ಗಿಂತ ಜಾಸ್ತಿ ಹಿಡಿಸಿದ್ದು ಅದರ ಹಿಂದಿರುವ ಟೆಪಾಂಟಿಟ್ಲಾ. ಅದೊಂದು ವಠಾರ. ಆ ನಗರದಲ್ಲಿ ಇಂಥ ವಠಾರಗಳು ಸುಮಾರು 2,000 ಇದ್ದವು, ಲಕ್ಷದಷ್ಟು ಜನ ಇದ್ದರು. ಲೋಹದ ಉಪಕರಣವಿಲ್ಲ, ಹೊರೆ ಎಳೆಯುವ ಪ್ರಾಣಿಯೂ ಇಲ್ಲ! ಟೆಪಾಂಟಿಟ್ಲಾದ ಗೋಡೆಯ ಮೇಲಿನ ಚಿತ್ರಗಳಲ್ಲಿ ಬೆರಳುದ್ದದ ಮನುಷ್ಯರು ಚೆಂಡಾಡುತ್ತಾರೆ, ಚಿಟ್ಟೆ ಹಿಡಿಯುತ್ತಾರೆ. ಬಾಯಿಂದ ಸುರುಳಿ ಸುರುಳಿಯಾಗಿ ಏನೋ ಹೊರಡುತ್ತದೆ. ಹೊಗೆ ಅಂದುಕೊಂಡಿದ್ದೆ. ಅಲ್ಲ, ಅದು ಮಾತು.

ಇನ್ನು ಹಾಳಾದ ವಿಷಯ. ಬೆಂಕಿ ಬಿದ್ದದ್ದು ಹೆಚ್ಚಾಗಿ ದೊಡ್ಡ ಬೀದಿಯ ಗುಡಿಗಳಿಗೆ, ದೊಡ್ಡವರ ಕಟ್ಟಡಗಳಿಗೆ. ವಠಾರಗಳು ಬಹುತೇಕ ಉಳಿದವು. ಹೊರಗಿನ ಶತ್ರು ಹೀಗೆ ಆರಿಸಿ ಸುಡುತ್ತಾನೆಯೇ? ಊರಿನವರೇ ದಂಗೆ ಎದ್ದಿರಬೇಕು ಅಂತ ಹಲವು ತಜ್ಞರ ಊಹೆ. ನನ್ನ ಮತವೂ ಅದಕ್ಕೇ. ಸಿಟ್ಟಿನ ಕಾರಣ ಮಾತ್ರ ಯಾರೂ ಬರೆದಿಟ್ಟಿಲ್ಲ. ತಮ್ಮ ಊರನ್ನು ಅವರು ಏನಂತ ಕರೆಯುತ್ತಿದ್ದರೋ, ಅದನ್ನೂ ಬರೆದಿಟ್ಟಿಲ್ಲ. ಗೋಡೆಯ ಮೇಲೆ ಅಷ್ಟೊಂದು ಮಾತಾಡುತ್ತಾರೆ ನೋಡಿ!