ತಿಥಿ ಒಂದು ದಿನ, ನಗು ಇನ್ನೊಂದು ದಿನ

ಪ್ರಶ್ನೆ: ನಮ್ಮವರು ಹೋಗಿ ಹತ್ತು ತಿಂಗಳಾಯಿತು. ಇದ್ದಷ್ಟು ದಿನ ಮನೆ ತುಂಬ ನಗು. ಕಿರಾಣಿ ಚೀಟಿಯನ್ನೂ ರೇಡಿಯೊ ವಾರ್ತೆಯ ಧಾಟಿಯಲ್ಲಿ ಓದಿ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಿದ್ದರು: ‘ಮುಖ್ಯಾಂಶಗಳು. ತೊಗರಿಬೇಳೆ ಒಂದು ಕೆಜಿ...’ ವರ್ಷದ ತಿಥಿಗೆ ಗೆಳೆಯರನ್ನು ಕರೆದು ಇದನ್ನೆಲ್ಲ ನೆನೆಯೋಣ ಎಂದರೆ ಅತ್ತೆ ‘ಶ್ರಾದ್ಧದ ಮನೇಲಿ ನಗೋದಾ?’ ಅನ್ನುತ್ತಾರೆ. ಎಂಟು ವರ್ಷದ ಮಗಳು ಅಪ್ಪನ ಮಾತೆತ್ತಿದರೆ ಎದ್ದು ಹೋಗುತ್ತಾಳೆ. ಏನು ಮಾಡಲಿ?

ಉತ್ತರ: ಅತ್ತೆಯ ಜತೆ ವಾದ ಬೇಡ, ಪಂಚಾಂಗವೇ ನಿಮ್ಮ ಕಡೆಗಿದೆ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ. ಹಾಗಾಗಿ ಮೊದಲ ವರ್ಷದ ತಿಥಿ ತಾರೀಖಿಗಿಂತ 11 ದಿನದಷ್ಟು ಮುಂಚೆ ಬರುತ್ತದೆ; ನಡುವೆ ಅಧಿಕ ಮಾಸ ಬಿದ್ದಿದ್ದರೆ 19 ದಿನದಷ್ಟು ತಡವಾಗಿ. ತಿಥಿಯ ದಿನವನ್ನು ಪೂರ್ತಿ ಅತ್ತೆಗೆ ಬಿಟ್ಟುಕೊಡಿ. ಮಗನನ್ನು ಕಳೆದುಕೊಂಡ ತಾಯಿಗೆ ಆ ಕರ್ಮ ದೊಡ್ಡ ಆಸರೆ. ತಾರೀಖಿನ ಆಸುಪಾಸಿನ ಭಾನುವಾರ ನಿಮ್ಮದಾಗಲಿ.

ಹದಿನೈದು ಜನ, ಒಂದೂವರೆ ಗಂಟೆ ಸಾಕು. ‘ಎಲ್ಲರೂ ಎರಡು ಮಾತಾಡಿ’ ಎಂದರೆ ಕೆಟ್ಟಿತು: ‘ತುಂಬಾ ಒಳ್ಳೆ ಮನುಷ್ಯ’ ಎಂಬಲ್ಲಿಗೇ ಎಲ್ಲರ ಮಾತೂ ನಿಲ್ಲುತ್ತದೆ. ಬದಲಿಗೆ ‘ನಿಮ್ಮನ್ನು ಅವರು ಪೇಚಿಗೆ ಸಿಕ್ಕಿಸಿದ ಒಂದು ಪ್ರಸಂಗ ಹೇಳಿ’ ಎಂದು ಕೇಳಿ. ಮೂವರಿಗೆ ವಾರ ಮುಂಚೆಯೇ ಫೋನು ಮಾಡಿ ತಿಳಿಸಿ, ಮೊದಲು ಹೇಳುವವರು ಬೇಗ ಗದ್ಗದರಾಗದವರಾಗಿರಲಿ. ಮಧ್ಯೆ ಒಂದು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ರೆಕಾರ್ಡಿಂಗ್‌ಗೆ ಇಡಿ. ಮೇಲೆ ಫ್ಯಾನ್ ತಿರುಗುತ್ತಿದ್ದರೆ ಆಮೇಲೆ ಒಂದು ಮಾತೂ ಕೇಳಿಸದು. ಯಾರಾದರೂ ಅತ್ತರೆ ಅಳಲಿ, ನೀರು ಕೊಟ್ಟು ಮುಂದುವರಿಯಿರಿ. ಅತ್ತೆಯನ್ನು ಮಗನ ಬಾಲ್ಯದ ತಂಟೆಯ ಬಗ್ಗೆ ಕೇಳಿ ನೋಡಿ. ನಗು ಬೇಡ ಎಂದವರೇ ಎಲ್ಲರಿಗಿಂತ ಚೆನ್ನಾಗಿ ಹೇಳಿಯಾರು.

ಇದಕ್ಕಿಂತ ತುರ್ತಾದದ್ದು ಆ ವಾಯ್ಸ್ ನೋಟ್‌ಗಳು. 120 ದಿನ ಬಳಸದಿದ್ದರೆ ಅವರ ವಾಟ್ಸ್ಆ್ಯಪ್ ಖಾತೆ ರದ್ದಾಗುತ್ತದೆ. ನಿಮಗೆ ಕಳಿಸಿದ್ದೆಲ್ಲ ನಿಮ್ಮ ಫೋನಿನಲ್ಲೇ ಇರುತ್ತದೆ, ಆದರೆ ಸ್ಟೋರೇಜ್ ತುಂಬಿತೆಂದು ಯಾರೋ ‘ಕ್ಲೀನ್’ ಮಾಡಿದರೆ ಮುಗಿಯಿತು. ಆಂಡ್ರಾಯ್ಡ್ ಆದರೆ ಫೋನನ್ನು ಕೇಬಲ್‌ನಲ್ಲಿ ಕಂಪ್ಯೂಟರಿಗೆ ಜೋಡಿಸಿ, ವಾಟ್ಸ್ಆ್ಯಪ್‌ನ ಮೀಡಿಯಾ ಫೋಲ್ಡರಿನೊಳಗಿನ ‘ವಾಯ್ಸ್ ನೋಟ್ಸ್’ ಅನ್ನು ಪೂರ್ತಿ ನಕಲು ಮಾಡಿ. ಒಳಗೆ ‘ಪಿಟಿಟಿ’ ಎಂದು ಶುರುವಾಗುವ ನೂರಾರು ಫೈಲುಗಳು. ಕಳಿಸಿದವರ ಹೆಸರಿರುವುದಿಲ್ಲ, ಆದರೆ ತಾರೀಖು ಫೈಲಿನ ಹೆಸರಿನಲ್ಲೇ ಇರುತ್ತದೆ. ಅವು ಆಪಸ್ ಎಂಬ ಆಡಿಯೊ ಮಾದರಿಯವು, ವಿಎಲ್‌ಸಿ ಪ್ಲೇಯರ್‌ನಲ್ಲಿ ಕೇಳಬಹುದು. ಬೇಕಾದವಕ್ಕೆ ಹೊಸ ಹೆಸರಿಡಿ. ಒಂದು ಪ್ರತಿ ಪೆನ್‌ಡ್ರೈವಿಗೆ, ಇನ್ನೊಂದು ಬೇರೆ ಮನೆಯಲ್ಲಿರಲಿ.

ಮಗಳನ್ನು ಆ ಸಂಜೆ ಮಾತಾಡಿಸಲು ಹೋಗಬೇಡಿ. ಫೋಟೊ ಆರಿಸುವುದೋ ಪಾನಕ ಕೊಡುವುದೋ, ಅವಳಿಗೊಂದು ಕೆಲಸವಿರಲಿ. ನಡುವೆ ಎದ್ದು ಆಡಲು ಹೋದರೆ ಹೋಗಲಿ. ಮಕ್ಕಳ ದುಃಖ ತುಣುಕು ತುಣುಕಾಗಿ ಬರುತ್ತದೆ: ಈಗ ಅಳು, ಐದು ನಿಮಿಷಕ್ಕೆ ಆಟ. ‘ಅಪ್ಪ ದೂರ ಹೋಗಿದ್ದಾರೆ’, ‘ಮಲಗಿದ್ದಾರೆ’ ಎಂದು ಯಾರೂ ಹೇಳದಂತೆ ನೋಡಿಕೊಳ್ಳಿ. ಸತ್ತರು ಎಂದೇ ಹೇಳಿ. ಇಲ್ಲದಿದ್ದರೆ ಕೆಲವು ಮಕ್ಕಳು ಮಲಗುವುದಕ್ಕೇ ಹೆದರುತ್ತಾರೆ. ಅಪ್ಪನ ದನಿಯನ್ನು ಅವಳಾಗಿ ಬೇಕೆಂದು ಕೇಳುವವರೆಗೆ ಕೇಳಿಸಬೇಡಿ. ನಿದ್ದೆ, ಊಟ, ಶಾಲೆ ವಾರಗಟ್ಟಲೆ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.