ಲೇಸರ್ ಅಂದ್ರೆ ಒಳಗೆಲ್ಲ ಸುಡುತ್ತಾ?

ಪ್ರಶ್ನೆ: ನಮ್ಮ ಮನೆಯವರು ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ಪಕ್ಕೆನೋವು ಅಂತ ಸ್ಕ್ಯಾನ್ ಮಾಡಿಸಿದರೆ ಮೂತ್ರನಾಳದಲ್ಲಿ 9 ಮಿ.ಮೀ. ಕಲ್ಲು. ಲೇಸರ್‌ನಲ್ಲಿ ಒಡೆಯಬೇಕಂತೆ. ಒಳಗೆಲ್ಲ ಸುಡುವುದಿಲ್ವಾ? ಬಾಳೆದಂಡಿನ ರಸ ಸಾಕು ಅನ್ನುತ್ತಾರೆ ಅತ್ತೆ. ಮಳೆಗಾಲದಲ್ಲಿ ಬೋಟು ನಿಲ್ಲುವ ತನಕ ಕಾಯಬಹುದಾ?
– ಓದುಗಿ, ಉಡುಪಿ

ಉತ್ತರ: ಹೊಟ್ಟೆ ಕೊಯ್ಯುವುದೇ ಇಲ್ಲ, ಮೊದಲು ಆ ಹೆದರಿಕೆ ಬಿಡಿ. ಅರಿವಳಿಕೆ ಕೊಟ್ಟು, ಮೂತ್ರ ಬರುವ ದಾರಿಯಲ್ಲೇ ತೆಳುವಾದ ದುರ್ಬೀನನ್ನು ಕಲ್ಲಿನ ತನಕ ಒಯ್ಯುತ್ತಾರೆ, ಅದರೊಳಗಿಂದ ಅರ್ಧ ಮಿ.ಮೀ.ಗಿಂತ ಸಣ್ಣ ಎಳೆ ಹೋಗುತ್ತದೆ, ಲೇಸರ್ ಬರುವುದು ಆ ಎಳೆಯ ತುದಿಯಿಂದ. ಹೆಚ್ಚಾಗಿ ಬಳಸುವುದು ಹೋಲ್ಮಿಯಮ್ ಲೇಸರ್. ಇದರ ಬೆಳಕನ್ನು ನೀರು ಬೇಗ ಹೀರಿಬಿಡುತ್ತದೆ. ಅರ್ಧ ಮಿ.ಮೀ. ದಾಟುವಷ್ಟರಲ್ಲಿ ಕಸುವು ಬಹುಪಾಲು ಮುಗಿದಿರುತ್ತದೆ, ಅದಕ್ಕೇ ತುದಿಯನ್ನು ಕಲ್ಲಿಗೆ ತಾಗಿಸಿದ ಹಾಗೇ ಹಿಡಿದು ಒಡೆಯುತ್ತಾರೆ. ಬಿಸಿ ತಣಿಸಲು ಸಲೈನ್ ಹರಿಯುತ್ತಲೇ ಇರುತ್ತದೆ. ಅಪಾಯವೇ ಇಲ್ಲ ಅಂತಲ್ಲ. ನಾಳಕ್ಕೆ ಗಾಯ, ಸೋಂಕು ಕೆಲವರಿಗೆ ಆಗುತ್ತದೆ.

ನಿಜ ಹೇಳಬೇಕಂದ್ರೆ ಜನ ಲೇಸರಿಗಿಂತ ಜಾಸ್ತಿ ಬೈಯುವುದು ಸ್ಟೆಂಟಿಗೆ. ಕಲ್ಲು ಒಡೆದ ಮೇಲೆ ನಾಳ ಊದಿ ಮೂತ್ರ ಕಟ್ಟಬಾರದು ಅಂತ ಒಳಗೆ ಇಡುವ ಮೆತ್ತನೆಯ ಕೊಳವೆ ಅದು. ಪದೇ ಪದೇ ಮೂತ್ರ, ಉರಿ, ಸ್ವಲ್ಪ ರಕ್ತ, ಮೂತ್ರ ಮಾಡುವಾಗ ಸೊಂಟದ ಹತ್ತಿರ ಸೆಳೆತ, ಇವೆಲ್ಲ ಸಾಮಾನ್ಯ. ಕೆಲವು ದಿನ ಅಥವಾ ವಾರಗಳಲ್ಲಿ ತೆಗೆಸಲೇಬೇಕು. ನೋವು ಹೋಯಿತಲ್ಲ ಅಂತ ತಿಂಗಳುಗಟ್ಟಲೆ ಮರೆತವರಿದ್ದಾರೆ. ಆಗ ಸ್ಟೆಂಟಿನ ಮೇಲೆಯೇ ಕಲ್ಲು ಕಟ್ಟುತ್ತದೆ! ತೆಗೆಸುವ ತಾರೀಕು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಬಾಳೆದಂಡಿನ ಪಲ್ಯ ಊಟಕ್ಕೆ ಒಳ್ಳೆಯದೇ, ಅತ್ತೆಯ ಜೊತೆ ಜಗಳ ಬೇಡ. ಆದರೆ ಹೆಚ್ಚಿನವರಲ್ಲಿ ಕಾಣುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ರಸಕ್ಕೂ ಕರಗದು, ಮಾತ್ರೆಗೂ ಕರಗದು. ಯೂರಿಕ್ ಆಸಿಡ್ ಕಲ್ಲಾದರೆ ಮಾತ್ರ ಔಷಧಿಗೆ ಕರಗುತ್ತದೆ. 5 ಮಿ.ಮೀ. ಒಳಗಿನ ಕಲ್ಲು ಸಾಮಾನ್ಯವಾಗಿ ತಾನಾಗೇ ಬಿದ್ದು ಹೋಗುತ್ತದೆ, ಹೆಸರು ಮಾತ್ರ ರಸಕ್ಕೆ ಬರುತ್ತದೆ, ಅಲ್ವಾ? 9 ಮಿ.ಮೀ. ಹಾಗೆ ಬೀಳುವುದು ಕಷ್ಟ.

ಬೋಟಿನಲ್ಲಿ ಬೆವರು ಜಾಸ್ತಿ, ಕುಡಿಯುವ ನೀರು ಕಡಿಮೆ. ಇನ್ನು ಮುಂದೆ ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಲಿ.

ಮೀನುಗಾರಿಕೆ ನಿಷೇಧ ಶುರುವಾಗಿ ಬೋಟು ನಿಲ್ಲುವ ಜೂನ್ 1ರ ತನಕ ಕಾಯುವ ವಿಚಾರ ಮಾತ್ರ ನನಗೆ ಸರಿ ಕಾಣುವುದಿಲ್ಲ. ನಾಳ ಕಟ್ಟಿದ್ದರೆ ನೋವಿಲ್ಲದಿದ್ದರೂ ಕಿಡ್ನಿ ಸದ್ದಿಲ್ಲದೆ ಕೆಡುತ್ತದೆ. ಚಳಿಜ್ವರ ಬಂದರಂತೂ ಬೆಳಗಿನ ತನಕವೂ ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಸ್ಟೆಂಟ್ ಇರುವಷ್ಟು ದಿನ ಆಳಸಮುದ್ರಕ್ಕೆ ಹೋಗುವುದು ಬೇಡ, ಅಲ್ಲಿ ಜ್ವರ ಬಂದರೆ ದಡ ಮುಟ್ಟುವುದು ಯಾವಾಗ?